ಸಾಸಕ್ಕನ ಬುಧವಾರ

ಬೆಳಗಿನ ಐದೂವರೆ. ತರಕಾರಿ ಮಾರುಕಟ್ಟೆಯ ಹಿಂಬಾಗಿಲಲ್ಲಿ ಲಾರಿಗಳು ಇನ್ನೂ ಖಾಲಿಯಾಗುತ್ತಿವೆ. ಒದ್ದೆ ಸಿಮೆಂಟು ನೆಲದ ಮೇಲೆ ಎಲೆಕೋಸಿನ ಹೊರಸಿಪ್ಪೆ, ಹರಿದ ಗೋಣಿ, ಯಾರದೋ ಒಂಟಿ ಚಪ್ಪಲಿ. ಟೊಮೇಟೊ ರಾಶಿಗಳ ನಡುವೆ ಕುಕ್ಕರಗಾಲಲ್ಲಿ ಕೂತ ಹೆಂಗಸೊಬ್ಬರು ಒಂದೊಂದೇ ಹಣ್ಣನ್ನು ಎತ್ತಿ, ದೀಪಕ್ಕೆ ಹಿಡಿದು, ತಿರುಗಿಸಿ ನೋಡಿ ಪೆಟ್ಟಿಗೆಗೆ ಇಳಿಸುತ್ತಿದ್ದಾರೆ. ವಯಸ್ಸು ಐವತ್ತೆರಡು. ತಲೆಗೆ ಬಿಗಿದ ನೀಲಿ ಬಟ್ಟೆ, ಮೊಣಕೈವರೆಗೆ ಮಡಚಿದ ತೋಳು. ಮುಂಗೈ ತುಂಬ ಬಿಸಿ ಸಿಡಿದು ಆದ ಸಣ್ಣ ಸಣ್ಣ ಕಂದು ಚುಕ್ಕೆಗಳು.

"ಏನಕ್ಕಾ, ಇವತ್ತು ಒಂದೊಂದಕ್ಕೂ ಪರೀಕ್ಷೆನಾ?" ರಾಶಿಯ ಒಡತಿ ಕಿಚಾಯಿಸುತ್ತಾಳೆ. "ನಿಮ್ಮ ಮೂಲೆ ರಾಶಿ ಎತ್ತಿಟ್ಟಿದೀನಿ, ಮೆತ್ತಗಾಗಿರೋವು. ಯಾವತ್ತಿನ ಹಾಗೆ ಸುರಿದುಕೊಂಡು ಹೋಗಬಾರದಾ?"

"ಇವತ್ತು ಮೆತ್ತಂದು ಬೇಡ ಕಣವ್ವಾ. ಗಟ್ಟಿ ಇರಬೇಕು, ಕೆಂಪಗಿರಬೇಕು, ನೋಡಿದ ತಕ್ಷಣ ಎತ್ತಿ ಮುದ್ದಾಡಬೇಕು ಅನ್ನಿಸಬೇಕು. ಪರೀಕ್ಷೆ ಇರೋದು ಅವಕ್ಕಲ್ಲ, ನನಗೆ."

ಮೂವತ್ತೆರಡು ಕಿಲೋ ತುಂಬುವಷ್ಟರಲ್ಲಿ ಮುಕ್ಕಾಲು ಗಂಟೆ. ಒಂದು ಹಣ್ಣಿಗೂ ಚುಕ್ಕೆಯಿಲ್ಲ, ಒಂದೂ ಡೊಂಕಿಲ್ಲ. ಕೈಗಾಡಿ ತಳ್ಳಿಕೊಂಡು ಹೊರಟವರ ನಡಿಗೆಗೆ ನಡಿಗೆ ಅನ್ನುವುದು ಕಷ್ಟ. ಅದು ಅರ್ಧ ಓಟ.

ಮಾರುಕಟ್ಟೆಯಿಂದ ಎರಡು ಬೀದಿ ಆಚೆ ಗಾಜಿನ ಬಾಟಲಿ ಮಾಡುವ ಕಾರ್ಖಾನೆ ಇದೆ. ಅದರ ಕ್ಯಾಂಟೀನಿನಲ್ಲಿ ಪ್ರತಿ ಬುಧವಾರ ಮಧ್ಯಾಹ್ನ ಪಾಸ್ತಾ, ಮೇಲೆ ಟೊಮೇಟೊ ಸಾಸ್. ನಾನೂರ ಮೂವತ್ತು ತಟ್ಟೆ. ಆ ಸಾಸ್ ಹದಿನೈದು ವರ್ಷದಿಂದ ಈ ಹೆಂಗಸಿನ ಕೈಯದು. ಹಾಜರಿ ಪುಸ್ತಕದಲ್ಲಿ ಅವರಿಗೆ ಬೇರೆ ಹೆಸರಿದೆ. ಅದನ್ನು ಕೂಗಿದರೆ ಅವರೇ ತಿರುಗಿ ನೋಡುವುದು ಅನುಮಾನ. ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರವರೆಗೆ ಎಲ್ಲರಿಗೂ ಅವರು ಸಾಸಕ್ಕ.

ಆ ಸಾಸಿಗೇ ಇವತ್ತು ಸಂಚಕಾರ ಬಂದಿದೆ. ಬುಧವಾರದ ಸಾಸಿಗೆ ನಾಲ್ಕು ಒಲೆ, ಇಬ್ಬರು ಆಳು, ಐದು ಗಂಟೆ ಬೇಕು. ಡಬ್ಬಿಯಲ್ಲಿ ಬರುವ ಸಾಸಾದರೆ ಒಂದೇ ಒಲೆ, ಇಪ್ಪತ್ತು ನಿಮಿಷ. ಮೇಲಿನ ಆಫೀಸಿನವರು ಡಬ್ಬಿ ತರಿಸಿಯೇಬಿಟ್ಟರು. ಕ್ಯಾಂಟೀನಿನ ಮ್ಯಾನೇಜರು ಮೂವತ್ತರ ಆಸುಪಾಸಿನ ನ್ಯಾಯದ ಮನುಷ್ಯ. ಅವರು ಒಂದೇ ಒಂದು ಮಾತು ಹೇಳಿದರು: "ಬಕೆಟ್ ಏನು ಹೇಳುತ್ತೋ ಹಾಗೆ."

ಈ ಕ್ಯಾಂಟೀನಿನ ರೂಢಿ ಅದು. ದಿನಾ ಊಟವಾದ ಮೇಲೆ ತಟ್ಟೆಗಳಲ್ಲಿ ಬಿಟ್ಟಿದ್ದನ್ನು ಬಕೆಟ್ಟಿಗೆ ಬಳಿದು, ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ, ತೂಕವನ್ನು ಗೋಡೆಯ ಕರಿಹಲಗೆಯಲ್ಲಿ ಬರೆಯುತ್ತಾರೆ. ಉಳಿದ ದಿನ ಹದಿನೆಂಟು, ಇಪ್ಪತ್ತು ಕಿಲೋ. ಬುಧವಾರ ಮಾತ್ರ ಎಂಟು. ಇವತ್ತು ಎರಡು ಸಾಲು, ಎರಡು ಬಕೆಟ್. ಎಡದ ಸಾಲಿಗೆ ಡಬ್ಬಿ ಸಾಸ್, ಬಲದ ಸಾಲಿಗೆ ಸಾಸಕ್ಕನದು. ಯಾವುದು ಯಾವ ಕಡೆ ಅಂತ ಉಣ್ಣುವವರಿಗೆ ಹೇಳುವ ಹಾಗಿಲ್ಲ. ಬಲದ ಬಕೆಟ್ ಹೆಚ್ಚು ತೂಗಿದರೆ ಬುಧವಾರದ ಸಾಸ್ ಡಬ್ಬಿಯದೇ, ಸಾಸಕ್ಕ ಮತ್ತೆ ಪಾತ್ರೆ ತೊಳೆಯುವ ತೊಟ್ಟಿಗೆ.

"ತೊಟ್ಟಿಗೆ ಹೋಗೋಕೆ ನಾಚಿಕೆ ಇಲ್ಲ," ಎನ್ನುತ್ತಾರೆ ಅವರು. "ಅಲ್ಲಿಂದಾನೇ ಬಂದೋಳು ನಾನು. ಆದ್ರೆ ಬುಧವಾರ ಆ ಡಬ್ಬಿ ಸಾಸಿನ ತಟ್ಟೆ ನಾನೇ ತೊಳೀಬೇಕಲ್ಲ, ಅದು ಆಗಲ್ಲ."

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಸಾಸಕ್ಕನ ಗಂಡ ಇದೇ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸಗಾರ. ವರ್ಷಗಟ್ಟಲೆ ಬೆಂಕಿಯ ಬಾಯಿಗೆ ಕಣ್ಣಿಟ್ಟು ಇಟ್ಟು ದೃಷ್ಟಿಗೆ ಪೊರೆ ಕವಿಯಿತು. ಎರಡು ಸಲ ಕಣ್ಣಿನ ಆಪರೇಷನ್ ಆದರೂ ಬೆಳಕು ನೆರಳು ಬಿಟ್ಟರೆ ಹೆಚ್ಚೇನೂ ಮರಳಲಿಲ್ಲ. ಅವರು ಮನೆಯಲ್ಲಿ ಕೂತ ತಿಂಗಳೇ ಇವರು ಕ್ಯಾಂಟೀನಿನ ತೊಟ್ಟಿಯ ಮುಂದೆ ನಿಂತರು. ನಾಲ್ಕು ವರ್ಷ ತಟ್ಟೆ ತೊಳೆದರು. ಸಾಸ್ ಮಾಡುವುದನ್ನು ಕಲಿತದ್ದು ಅಲ್ಲೇ, ಒಲೆಯ ಮುಂದೆ ಅಲ್ಲ.

"ತಟ್ಟೆ ಸುಳ್ಳು ಹೇಳಲ್ಲ ನೋಡಿ. ಬಾಯಲ್ಲಿ ಚೆನ್ನಾಗಿದೆ ಚೆನ್ನಾಗಿದೆ ಅಂತಾರೆ, ಅಂಚಲ್ಲಿ ಟೊಮೇಟೊ ಸಿಪ್ಪೆ ಸುರುಳಿ ಸುತ್ಕೊಂಡು ಕೂತಿರುತ್ತೆ. ಬೀಜ ಎಲ್ಲಾ ಒಂದು ಕಡೆ ತಳ್ಳಿರ್ತಾರೆ. ಕೆಂಪು ಎಣ್ಣೆ ಬೇರೆ ಕೆರೆ ಕಟ್ಟಿರುತ್ತೆ. ಆಗಿನ ಅಡುಗೆಯವರಿಗೆ ಒಂದಿನ ಹೇಳಿದೆ, ಸಿಪ್ಪೆ ತೆಗೀರಿ, ಬೀಜ ಸೋಸಿ, ಎಣ್ಣೆ ಅರ್ಧ ಮಾಡಿ ಅಂತ. ಅವರು ಏನಂದ್ರು ಗೊತ್ತಾ? ತೊಳೆಯೋಳು ನೀನು, ತೊಳಿ ಅಂದ್ರು."

ಆ ಅಡುಗೆಯವರಿಗೆ ಒಂದು ಬುಧವಾರ ಸೊಂಟ ಹಿಡಿಯಿತು. ತೊಳೆಯುವವಳು ಸೌಟು ಹಿಡಿದಳು. ಅವತ್ತು ತೊಟ್ಟಿಗೆ ಬಂದ ತಟ್ಟೆಗಳಿಗೆ ನೀರು ತೋರಿಸಿದರೆ ಸಾಕಿತ್ತು!

ಸಾಸಕ್ಕನ ವಿಧಾನದಲ್ಲಿ ಗುಟ್ಟೇನಿಲ್ಲ. ಹಣ್ಣಿನ ಬುಡಕ್ಕೆ ಚಾಕುವಿನಿಂದ ಅಡ್ಡ ಉದ್ದ ಗೀಟು ಹಾಕಬೇಕು. ಕುದಿಯುವ ನೀರಿಗೆ ಬಿಟ್ಟು ಮೂವತ್ತು ಎಣಿಸಬೇಕು. ತಣ್ಣೀರಿಗೆ ಎತ್ತಿ ಹಾಕಿದರೆ ಸಿಪ್ಪೆ ತಾನಾಗಿ ಕಳಚುತ್ತದೆ. ಬೀಜ ಸೋಸಿ, ತಿರುಳನ್ನು ಕೈಯಲ್ಲೇ ಹಿಚುಕಬೇಕು. ಎಣ್ಣೆಯಲ್ಲಿ ಈರುಳ್ಳಿ ಸಣ್ಣ ಉರಿಗೆ ಬಾಡಿ ಸಿಹಿಯಾಗಬೇಕು, ಬೆಳ್ಳುಳ್ಳಿ ಘಮ್ಮೆನ್ನಬೇಕು, ಆಮೇಲೆ ತಿರುಳು, ಉಪ್ಪು, ಹುಳಿ ಎಳೆದುಕೊಳ್ಳಲಿ ಅಂತ ಇಡೀ ಕ್ಯಾರೆಟ್ ಎರಡು. ಕೊನೆಗೆ ಕ್ಯಾಂಟೀನಿನ ಹಿಂದೆ ಎಣ್ಣೆಡಬ್ಬಗಳಲ್ಲಿ ಅವರೇ ಬೆಳೆಸಿದ ಬೇಸಿಲ್ ಎಲೆ; ತುಳಸಿಯ ದಾಯಾದಿಯಂಥ ವಾಸನೆಯ ಸೊಪ್ಪು. ಸಕ್ಕರೆ ಮಾತ್ರ ಇಲ್ಲ. ಬೆಳ್ಳುಳ್ಳಿ ಬಿಡಿಸುವುದು ಮನೆಯಲ್ಲಿ, ಮಂಗಳವಾರ ಮಧ್ಯಾಹ್ನ, ಗಂಡನ ಕೆಲಸ. ಕಣ್ಣು ಬೇಡ, ಬೆರಳು ಸಾಕು. ಒಂದೂವರೆ ಕಿಲೋ ಬೆಳ್ಳುಳ್ಳಿಯಲ್ಲಿ ಒಂದು ಚೂರು ಸಿಪ್ಪೆ ಉಳಿದಿದ್ದರೆ ತೋರಿಸು ಅಂತ ಅವರ ಪಂಥ.

ಇವತ್ತು ಅರ್ಧ ಜನಕ್ಕಷ್ಟೇ; ಮಾಮೂಲಿ ವಾರಕ್ಕೆ ಅರವತ್ತನಾಲ್ಕು ಕಿಲೋ, ಅಂದರೆ ಎಂಟುನೂರು ಹಣ್ಣಿಗೆ ಮೋಸವಿಲ್ಲ. ಹದಿನೈದು ವರ್ಷಕ್ಕೆ ಎಷ್ಟಾಯಿತು ಅಂತ ಮ್ಯಾನೇಜರು ಒಮ್ಮೆ ಲೆಕ್ಕ ಹಾಕಿ ಆರು ಲಕ್ಷ ಅಂದರಂತೆ. "ಅಷ್ಟೊಂದು ಸಿಪ್ಪೆ ಸುಲಿದ್ನಾ ನಾನು!" ಎಂದು ಸಾಸಕ್ಕ ತಮ್ಮ ಬೆರಳು ನೋಡಿಕೊಳ್ಳುತ್ತಾರೆ. ಹುಳಿಗೆ ಉಗುರ ಸಂದು ಬಿರುಕು ಬಿಟ್ಟಿದೆ. ಬುಧವಾರ ಸಂಜೆ ಎಣ್ಣೆ ಸವರದಿದ್ದರೆ ಗುರುವಾರ ಗುಂಡಿ ಹಾಕಿಕೊಳ್ಳಲೂ ಆಗದು.

ಎಂಟೂಕಾಲಿಗೆ ಇವತ್ತಿನ ಸಾಸ್ ಒಲೆಗೆ ಏರುತ್ತದೆ. ಜೊತೆಗಿರುವುದು ಅವರ ಓರಗಿತ್ತಿ, ಮೈದುನನ ಹೆಂಡತಿ. ಈರುಳ್ಳಿ ಹೆಚ್ಚುವುದರಲ್ಲಿ ಅವಳ ಕೈ ಯಂತ್ರ, ಬಾಯಿ ಅದಕ್ಕಿಂತ ಜೋರು. ಕ್ಯಾಂಟೀನಿನ ಸ್ಟೋರು ನೋಡಿಕೊಳ್ಳುವ ಹಿರಿಯರೊಬ್ಬರು ಎದುರಿನ ಒಲೆಯ ಪಕ್ಕ ಸ್ಟೂಲು ಹಾಕಿ ಕೂತಿದ್ದಾರೆ. ಡಬ್ಬಿ ಕಡೆಯ ಕೆಲಸ ಅವರದು.

"ಏನು ಯಜಮಾನ್ರೇ, ಸುಸ್ತಾಯ್ತಾ?" ಓರಗಿತ್ತಿ ಕೆಣಕುತ್ತಾಳೆ.

"ಆಗದೇ ಇರುತ್ತಾ? ಡಬ್ಬಿಗೆ ಆರು ಸುತ್ತು ತಿರುಗಿಸಬೇಕು. ಹನ್ನೊಂದೂವರೆಗೆ. ಅಲ್ಲೀವರೆಗೆ ಶಕ್ತಿ ಕೂಡಿಡ್ತಾ ಇದೀನಿ."

ಸಾಸಕ್ಕ ನಗುವುದಿಲ್ಲ. ಅವರ ಕಿವಿ ಪಾತ್ರೆಯ ಕಡೆ. ಸಾಸ್ ಹದವನ್ನು ಅವರು ನೋಡಿ ಹೇಳುವುದಕ್ಕಿಂತ ಕೇಳಿ ಹೇಳುತ್ತಾರೆ. ನೀರಿರುವಾಗ ಅದು ಗಳಗಳ ಅನ್ನುತ್ತದೆ. ಗಟ್ಟಿಯಾಗುತ್ತಾ ಬಂದ ಹಾಗೆ ಸದ್ದು ಬಿಡಿಬಿಡಿಯಾಗಿ, ಕೊನೆಗೆ ಕೆಸರಲ್ಲಿ ಕಾಲು ಕಿತ್ತ ಹಾಗೆ 'ಪೊಳಕ್... ಪೊಳಕ್' ಎನ್ನಬೇಕು. ಬೇರೆ ಬುಧವಾರ ಹತ್ತಕ್ಕೆಲ್ಲ ಆ ಸದ್ದು ಬಂದಿರುತ್ತದೆ.

ಇವತ್ತು ಹತ್ತಾಯಿತು. ಗಳಗಳ. ಹತ್ತೂಕಾಲು. ಗಳಗಳ!

ಸೌಟು ಎತ್ತಿ ತಟ್ಟೆಯ ಮೇಲೆ ಸುರಿಯುತ್ತಾರೆ. ಕೆಂಪು ತಿರುಳು ನಡುವೆ ನಿಲ್ಲುತ್ತದೆ, ಸುತ್ತ ನೀರು ಹರಿದು ಅಂಚಿಗೆ ಓಡುತ್ತದೆ. ನಾಲಿಗೆಗೆ ಹಚ್ಚಿದರೆ ಕಣ್ಣು ತಾನಾಗಿ ಮುಚ್ಚುವಷ್ಟು ಹುಳಿ. ಸಾಸಕ್ಕ ಸೌಟು ಕೆಳಗಿಟ್ಟು ಹಣೆ ಹಣೆ ಚಚ್ಚಿಕೊಳ್ಳುತ್ತಾರೆ.

"ಅಯ್ಯೋ ನನ್ನ ಬುದ್ಧಿಗೆ ಮಂಕು ಕವೀತು ಕಣೇ! ಚೆಂದದ್ದು ತಂದುಬಿಟ್ಟೆ! ಹದಿನೈದು ವರ್ಷದಿಂದ ಮೂಲೆ ರಾಶಿ ಯಾಕೆ ತರ್ತಿದ್ದೆ? ಅವು ಗಿಡದಲ್ಲೇ ಹಣ್ಣಾಗಿ ಬಳಲಿ ಬಂದಿರ್ತಾವೆ, ಸಿಹಿ ಇರುತ್ತೆ, ತಿರುಳಿರುತ್ತೆ. ಇವು ಲಾರೀಲಿ ಬಣ್ಣ ಬಳ್ಕೊಂಡು ಬಂದಿರೋವು. ಹೊಟ್ಟೆ ತುಂಬ ನೀರು!"

ನೋಡುವವರು ನಾಲ್ಕು ಜನ ಇದ್ದಾರೆ ಅಂತ ಅಂದದ ಹಣ್ಣು ಆರಿಸಿದ್ದು. ಉಣ್ಣುವವರು ಹಣ್ಣನ್ನು ನೋಡುವುದೇ ಇಲ್ಲ. ಇದು ಹದಿನೈದು ವರ್ಷ ಸಾಸ್ ಮಾಡಿದವರು ಮಾತ್ರ, ಅದೂ ಪರೀಕ್ಷೆಯ ದಿನ ಮಾತ್ರ ಮಾಡಬಹುದಾದ ತಪ್ಪು.

"ಎರಡು ಹಿಡಿ ಸಕ್ಕರೆ ಎಸೆದುಬಿಡೋಣ ಅಕ್ಕ," ಓರಗಿತ್ತಿ ಪಿಸುಗುಟ್ಟುತ್ತಾಳೆ. "ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತಲ್ಲ! ಸಕ್ಕರೆ ಹಾಕಿ ಗೆದ್ರೆ ಡಬ್ಬೀನೇ ಗೆದ್ದ ಹಾಗೆ. ಸುಮ್ನೆ ಈರುಳ್ಳಿ ಹೆಚ್ಚು. ಇನ್ನೂ ಎರಡು ಕಿಲೋ. ಬೇಗ ಬೇಗ!"

ಊಟದ ಗಂಟೆ ಹನ್ನೆರಡಕ್ಕೆ. ಈಗ ಹತ್ತೂ ಇಪ್ಪತ್ತು. ಅಡುಗೆಮನೆ ಒಮ್ಮೆಲೇ ಅಖಾಡವಾಗುತ್ತದೆ. ಸಾಸಕ್ಕ ಮೂಲೆಗೆ ಓಡಿ ಬ್ರೆಡ್ ಬೇಯಿಸುವ ಅಗಲದ ತಗಡಿನ ತಟ್ಟೆಗಳನ್ನು ಎಳೆದು ತರುತ್ತಾರೆ, ನಾಲ್ಕು. ತೊಳೆದ ಬಟ್ಟೆಯೊಂದರಲ್ಲಿ ಅರ್ಧ ಸಾಸನ್ನು ಸೋಸಿ ನೀರು ಬೇರೆ ಮಾಡಿ, ತಿರುಳನ್ನು ಪಾತ್ರೆಗೇ ಮರಳಿಸುತ್ತಾರೆ. ಆ ನೀರನ್ನು ಚೆಲ್ಲುವುದಿಲ್ಲ. ಹಣ್ಣಿನ ರುಚಿಯೆಲ್ಲ ಅದರಲ್ಲೇ ಇದೆ. ಅದನ್ನು ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಜೋರು ಉರಿಗಿಡುತ್ತಾರೆ.

"ಆಳದ ಪಾತ್ರೇಲಿ ನೀರು ಸುಖವಾಗಿ ಕೂತಿರುತ್ತೆ. ಅಗಲಕ್ಕೆ ಹರಡಿದ್ರೆ ಓಡಿಹೋಗೋಕೆ ದಾರಿ ಜಾಸ್ತಿ," ಅಂತ ಹೇಳುತ್ತಾ ಸುತ್ತ ಕಣ್ಣಾಡಿಸುತ್ತಾರೆ. ನಾಲ್ಕು ತಟ್ಟೆಗೆ ಒಲೆ ಸಾಲದು. ಖಾಲಿ ಇರುವುದು ಒಂದೇ, ಡಬ್ಬಿಯ ಒಲೆ.

ಬಾಗಿಲಲ್ಲಿ ಮ್ಯಾನೇಜರು ನಿಂತಿದ್ದಾರೆ. "ಸಾರ್, ಆ ಒಲೆ ಕೊಡ್ತೀರಾ?"

"ನಾನು ತೀರ್ಪು ಕೊಡೋನು ಸಾಸಕ್ಕ. ನನ್ನ ಕೇಳಬಾರದು. ಒಲೆ ಯಾರದೋ ಅವರನ್ನ ಕೇಳಿ."

ಸ್ಟೋರಿನ ಹಿರಿಯರು ಸ್ಟೂಲಿನಿಂದ ಎದ್ದೇಬಿಡುತ್ತಾರೆ. "ತಗೊಳ್ಳಮ್ಮ. ಹನ್ನೊಂದೂವರೆಗೆ ವಾಪಸ್ ಕೊಟ್ರೆ ಆಯ್ತು. ಹಾಗೇ ಒಂದು ಸೌಟು ಕೊಡು. ಕೂತು ಕೂತು ಬೆನ್ನು ಹಿಡೀತು."

"ಎದುರಾಳಿ ನೀವು!" ಓರಗಿತ್ತಿ ಕಿರುಚುತ್ತಾಳೆ.

"ಎದುರಾಳಿ ಡಬ್ಬಿ. ನಾನು ಬರೀ ಮುಚ್ಚಳ ತೆಗೆಯೋನು."

ಹಿರಿಯರು ಒಂದು ಕಡೆ, ಓರಗಿತ್ತಿ ಒಂದು ಕಡೆ, ನಡುವೆ ಸಾಸಕ್ಕ. ತಟ್ಟೆಯ ತಳ ಹಿಡಿಯದ ಹಾಗೆ ಕೆರೆಯಬೇಕು, ಕೆರೆದಲ್ಲೆಲ್ಲ ಕೆಂಪು ಕಡುವಾಗುತ್ತಾ ಬರುತ್ತದೆ. ಆವಿಗೆ ಕಿಟಕಿಯ ಗಾಜು ಬೆವರುತ್ತದೆ. ಇನ್ನೊಂದು ಬಾಣಲೆಯಲ್ಲಿ ಎರಡು ಕಿಲೋ ಈರುಳ್ಳಿ ಬಾಡಿ, ಕುಗ್ಗಿ, ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅದೇ ಸಾಸಕ್ಕನ ಸಕ್ಕರೆ. ಕ್ಯಾರೆಟ್ ಎರಡರ ಬದಲು ಆರು ಬೀಳುತ್ತವೆ. ಸಿಡಿದ ಹನಿಗೆ ಮುಂಗೈ ಮೇಲೆ ಹೊಸ ಚುಕ್ಕೆ ಮೂಡಿದರೂ ಒರೆಸಿಕೊಳ್ಳಲು ಪುರುಸೊತ್ತಿಲ್ಲ.

ಹನ್ನೊಂದೂವರೆಗೆ ಡಬ್ಬಿಯ ಒಲೆ ವಾಪಸ್. ಹಿರಿಯರು ಆರು ಸುತ್ತಿನ ತಮ್ಮ ಕೆಲಸಕ್ಕೆ ಮರಳುತ್ತಾರೆ. ಹನ್ನೊಂದೂ ಮುಕ್ಕಾಲಿಗೆ ಎಲ್ಲ ತಟ್ಟೆಗಳಲ್ಲಿ ಗಟ್ಟಿಯಾದ ರಸವನ್ನೂ ಈರುಳ್ಳಿಯನ್ನೂ ದೊಡ್ಡ ಪಾತ್ರೆಗೆ ಸುರಿದು, ಕ್ಯಾರೆಟ್ ಎತ್ತಿ ಎಸೆದು, ಸಾಸಕ್ಕ ಕೈ ಎತ್ತುತ್ತಾರೆ. "ಶ್! ಎಲ್ಲಾ ಸುಮ್ನಿರಿ."

ಬಗ್ಗಿ ಪಾತ್ರೆಯ ಅಂಚಿಗೆ ಕಿವಿ ಕೊಡುತ್ತಾರೆ.

ಪೊಳಕ್.

"ಬಂತು!" ಓರಗಿತ್ತಿ ಈರುಳ್ಳಿ ಕೈಯಲ್ಲೇ ಅಕ್ಕನ ಕೊರಳಿಗೆ ಬೀಳುತ್ತಾಳೆ. "ಬಂತು ಅಕ್ಕ, ಬಂತು!"

ಬಂದದ್ದೇನೋ ಬಂತು. ಆದರೆ ನೀರೆಲ್ಲ ಓಡಿಹೋದ ಮೇಲೆ ಪಾತ್ರೆಯಲ್ಲಿ ಉಳಿದದ್ದು ಕಡಿಮೆ. ಇನ್ನೂರ ಹದಿನೈದು ತಟ್ಟೆಗೆ ಬೇಕಾದದ್ದು ಇನ್ನೂರಕ್ಕೂ ಸಾಲುವುದಿಲ್ಲ ಅಂತ ಸಾಸಕ್ಕನ ಕಣ್ಣಿಗೆ ಆಗಲೇ ಗೊತ್ತು. ತೆಳ್ಳಗೆ ಮಾಡಿ ಸರಿತೂಗಿಸಬಹುದಿತ್ತು. ಮಾಡುವುದಿಲ್ಲ. "ಇದ್ದಷ್ಟು ಹೊತ್ತು ಸರಿಯಾಗಿರಲಿ," ಎಂದು ಬೇಸಿಲ್ ಎಲೆ ಹರಿದು ಹಾಕುತ್ತಾರೆ.

ಗಂಟೆ ಬಾರಿಸುತ್ತದೆ. ಎರಡು ಸಾಲು ಗೋಡೆಯುದ್ದಕ್ಕೂ ಬೆಳೆಯುತ್ತವೆ.

"ಏನ್ರೀ ಇದು, ನಮ್ಮನ್ನೇನು ಇಲಿ ಮಾಡ್ಕೊಂಡಿದೀರಾ? ಎಡಕ್ಕೊಂದು ಬಲಕ್ಕೊಂದು!" ಪ್ಯಾಕಿಂಗ್ ವಿಭಾಗದವನೊಬ್ಬ ಕೂಗುತ್ತಾನೆ.

"ಇಲಿ ಆದ್ರೆ ಪೂರ್ತಿ ತಿನ್ನು, ಬಿಡಬೇಡ!" ಓರಗಿತ್ತಿಯ ಉತ್ತರ ಕೌಂಟರಿನಿಂದ ಹಾರುತ್ತದೆ. ಮ್ಯಾನೇಜರು ತುಟಿಗೆ ಬೆರಳಿಟ್ಟು ಗದರುತ್ತಾರೆ; ಪ್ರಚಾರ ನಿಷಿದ್ಧ.

ಸಾಸಕ್ಕ ಬಡಿಸುತ್ತಾರೆ, ಕಣ್ಣು ಮಾತ್ರ ಮೇಜುಗಳ ಮೇಲೆ. ಯಾರು ಬೇಗ ಚಮಚ ಇಟ್ಟರು, ಯಾರು ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸಿದರು, ಯಾರು ಬಿಟ್ಟೆದ್ದರು. ನೂರ ತೊಂಬತ್ತಮೂರನೇ ತಟ್ಟೆಗೆ ಸೌಟು ತಳಕ್ಕೆ ತಾಕಿ ಕರ್ ಎನ್ನುತ್ತದೆ. ಸಾಲಿನಲ್ಲಿ ಇನ್ನೂ ಇಪ್ಪತ್ತೆರಡು ಜನ. ಎಲ್ಲರೂ ಕುಲುಮೆಯವರು. ಬೆಂಕಿಯನ್ನು ಮುಂದಿನ ಪಾಳಿಗೆ ಒಪ್ಪಿಸಿ ಬರಬೇಕಾದ್ದರಿಂದ ಅವರು ಯಾವತ್ತೂ ಕೊನೆಗೇ ಬರುವವರು. ಸಾಸಕ್ಕನ ಗಂಡನ ಜೊತೆ ದುಡಿದವರೂ ಅವರಲ್ಲಿ ಇದ್ದಾರೆ.

"ಆಗೋಯ್ತಾ ಅಕ್ಕ?"

"ಆಗೋಯ್ತಪ್ಪ. ತಪ್ಪು ನಂದೇ. ಆ ಕಡೆಯಿಂದ ಹಾಕ್ಸಿಕೊಂಡು ಬನ್ನಿ, ಪಾಸ್ತಾ ಬಿಸಿ ಇದೆ."

ಇಪ್ಪತ್ತೆರಡು ಜನಕ್ಕೂ ಡಬ್ಬಿ ಸಾಸ್ ಬೀಳುತ್ತದೆ. ನಿಂತದ್ದು ಬಲದ ಸಾಲಿನಲ್ಲಾದ್ದರಿಂದ ತಟ್ಟೆ ಮಾತ್ರ ಸಾಸಕ್ಕನ ಬಕೆಟ್ಟಿಗೇ ಬರಬೇಕು, ನಿಯಮ ಅದು. ಗುಂಪಿನ ಹಿರಿಯನೊಬ್ಬ ಸುಮ್ಮನೆ ಹೋಗುವುದಿಲ್ಲ. ಬ್ರೆಡ್ ತುಂಡೊಂದನ್ನು ತಂದು, ಕೌಂಟರಿನ ಮೇಲೆ ಬಾಗಿ, ಖಾಲಿ ಪಾತ್ರೆಯ ಒಳಗೋಡೆಯನ್ನು ಒಂದು ಸುತ್ತು ಒರೆಸಿ ಬಾಯಿಗಿಟ್ಟುಕೊಳ್ಳುತ್ತಾನೆ. ಹಿಂದಿನವನು ಅದನ್ನು ನೋಡಿ ಇನ್ನೊಂದು ತುಂಡು ತರುತ್ತಾನೆ. ಎರಡು ನಿಮಿಷದಲ್ಲಿ ಪಾತ್ರೆಯ ಸುತ್ತ ಏಳೆಂಟು ತಲೆ.

"ಲೋ, ನಂಗೂ ಒಂದು ಬದಿ ಬಿಡ್ರೋ!"

"ನಿನ್ನ ಬದಿ ಹಿಂದುಗಡೆ ಇದೆ, ಬಗ್ಗು!"

"ಪಾತ್ರೆ ತೊಳೆಯೋ ಕೆಲಸ ಉಳೀತು ನೋಡು ಸಾಸಕ್ಕ!"

ಒಂದೂಕಾಲಿಗೆ ಊಟದ ಮೇಜುಗಳು ಖಾಲಿಯಾಗುತ್ತವೆ, ಆದರೆ ಯಾರೂ ಹೋಗುವುದಿಲ್ಲ. ಸುದ್ದಿ ಹರಡಿಬಿಟ್ಟಿದೆ. ಬಾಗಿಲಲ್ಲಿ, ಕಿಟಕಿಯಲ್ಲಿ, ಮೆಟ್ಟಿಲ ಮೇಲೆ ಜನ. ಮ್ಯಾನೇಜರು ಮೊದಲು ಎಡದ ಬಕೆಟ್ ನೇತುಹಾಕುತ್ತಾರೆ. ಮುಳ್ಳು ಓಡಿ, ನಡುಗಿ, ನಿಲ್ಲುತ್ತದೆ. ಹನ್ನೊಂದು ಕಿಲೋ ಇನ್ನೂರು. ಹಲಗೆಯ ಮೇಲೆ ಸೀಮೆಸುಣ್ಣ ಕಿರ್ ಎನ್ನುತ್ತದೆ.

ಬಲದ ಬಕೆಟ್. ಸಾಸಕ್ಕ ನೋಡುವುದಿಲ್ಲ, ಒದ್ದೆ ಬಟ್ಟೆ ಹಿಂಡುತ್ತಾ ಗೋಡೆಗೆ ಮುಖ ಮಾಡಿ ನಿಂತಿದ್ದಾರೆ. ಹಿಂಡಲು ಅದರಲ್ಲಿ ನೀರೇ ಉಳಿದಿಲ್ಲ.

"ಐದು..." ಮ್ಯಾನೇಜರು ಬಗ್ಗಿ ನೋಡುತ್ತಾರೆ. "ಐದು ಕಿಲೋ ನಾನೂರು!"

ಶಿಳ್ಳೆ, ಚಪ್ಪಾಳೆ, ತಟ್ಟೆ ಬಡಿಯುವ ಸದ್ದು. ಸ್ಟೋರಿನ ಹಿರಿಯರು ಖಾಲಿ ಡಬ್ಬಿಯೊಂದನ್ನು ತಮಟೆ ಮಾಡಿಕೊಂಡಿದ್ದಾರೆ. ಓರಗಿತ್ತಿ ಅಳುತ್ತಿದ್ದಾಳೆ, ಕೇಳಿದರೆ ಈರುಳ್ಳಿ ಅನ್ನುತ್ತಾಳೆ. "ಆ ಐದರಲ್ಲೂ ಇಪ್ಪತ್ತೆರಡು ತಟ್ಟೆ ನಮ್ಮ ಡಬ್ಬೀದು!" ಎಂದು ಹಿರಿಯರು ಕೂಗಿ ತಮ್ಮ ಸೋಲನ್ನು ಇನ್ನಷ್ಟು ದೊಡ್ಡದು ಮಾಡುತ್ತಾರೆ.

ಮ್ಯಾನೇಜರು ಗಂಟಲು ಸರಿಪಡಿಸಿಕೊಂಡು ಹೇಳುತ್ತಾರೆ: "ಆಫೀಸಿಗೆ ಇವತ್ತೇ ಬರೀತೀನಿ. ಬುಧವಾರದ ಸಾಸ್ ಇಲ್ಲೇ ಆಗುತ್ತೆ, ನೀವೇ ಮಾಡ್ತೀರಿ. ಹೇಗೆ ಮಾಡೋದು ಅಂತ ಒಂದು ಕಾಗದದಲ್ಲಿ ಬರೆಸಿ ಗೋಡೆಗೆ ಅಂಟಿಸೋಣ. ಹೇಳಿ, ಮೊದಲನೇ ಸಾಲು?"

ಸಾಸಕ್ಕ ಈಗ ತಿರುಗುತ್ತಾರೆ. "ಬರ್ಕೊಳ್ಳಿ. ಚೆಂದದ ಟೊಮೇಟೊ ತರಬಾರದು."

ನಗೆಯ ನಡುವೆಯೇ ಅವರು ಹಲಗೆಯ ಹತ್ತಿರ ಹೋಗಿ ತಮ್ಮ ಅಂಕಿಯನ್ನು ಸ್ವಲ್ಪ ಹೊತ್ತು ನೋಡುತ್ತಾರೆ. ಮುಖದಲ್ಲಿ ಖುಷಿ ತುಂಬಿ ತುಳುಕುತ್ತಿದೆ, ಆದರೂ ತಲೆ ಅಡ್ಡಡ್ಡ ಆಡುತ್ತಿದೆ.

"ಯಾಕೆ ಸಾಸಕ್ಕ? ಅರ್ಧಕ್ಕರ್ಧ ಹೊಡೆದು ಗೆದ್ದಿದೀರಲ್ಲ!"

"ಗೆದ್ದಿದ್ದು ಹೌದು ಸಾರ್, ಸುಳ್ಳ್ಯಾಕೆ ಹೇಳ್ಲಿ, ಕಾಲು ನೆಲದ ಮೇಲಿಲ್ಲ. ಆದ್ರೆ ಮಾಮೂಲಿ ಬುಧವಾರ ಪೂರ್ತಿ ಕ್ಯಾಂಟೀನಿಗೆ ಎಂಟು ಕಿಲೋ ಬರೋದು. ಅರ್ಧಕ್ಕೆ ನಾಲ್ಕಾಗಬೇಕು. ಇಲ್ಲಿ ಐದೂ ನಾನೂರಿದೆ." ಸಾಸಕ್ಕ ಸೀಮೆಸುಣ್ಣ ಇಸಿದುಕೊಂಡು ಆ ಅಂಕಿಯ ಪಕ್ಕ ಒಂದು ಖಾಲಿ ಚೌಕ ಬರೆಯುತ್ತಾರೆ. "ಈ ಜಾಗ ಬಿಟ್ಟಿರಿ. ಇವತ್ತಿಂದು ಹೆಂಗೋ ಏಗಿದ ಸಾಸ್. ನಂದು ಬರೋ ಬುಧವಾರ ತೂಗಿ."